ನಾಯಿಯ ಪಾಠಶಾಲೆ

“ಕೈ ಕೊಡು” ಎಂದೊಡನೆ ಮುಂಗಾಲನ್ನೆತ್ತಿ ಯಜಮಾನನ ಅಂಗೈಯ ಮೇಲಿಡುವ ನಾಯಿಯನ್ನು ಕಂಡು ಮೆಚ್ಚದವರು ವಿರಳ. ಮನೆಗೆ ಬಂದ ಅತಿಥಿಗಳು “ಎಷ್ಟು ಬುದ್ಧಿವಂತ ನಾಯಿ!” ಎನ್ನುತ್ತಾರೆ, ಯಜಮಾನ ಹಿಗ್ಗುತ್ತಾನೆ. ಅದೇ ನಾಯಿ ಮರುಕ್ಷಣದಲ್ಲಿ “ಬಾ” ಎಂದು ಕರೆದರೂ ಬಾರದೆ ಅಂಗಳದ ಮೂಲೆಯನ್ನು ಮೂಸುತ್ತ ನಿಂತರೆ “ಮೊಂಡ ನಾಯಿ” ಎಂಬ ಬಿರುದು ಅದಕ್ಕೆ ಲಭಿಸುತ್ತದೆ. ಕೆಲವೊಮ್ಮೆ ಬಿರುದಿನೊಡನೆ ಬೆತ್ತದ ಏಟೂ ದೊರೆಯುತ್ತದೆ. ಎರಡು ಸಂದರ್ಭಗಳಲ್ಲಿಯೂ ನಾವು ತೀರ್ಪು ಕೊಟ್ಟದ್ದು ನಾಯಿಯ ಬುದ್ಧಿಯನ್ನು ಕುರಿತು. ಕಲಿಕೆಯ ವಿಜ್ಞಾನ ಕೊಡುವ ತೀರ್ಪಾದರೋ ಬೇರೆ ಬಗೆಯದು. ಶಿಷ್ಯ ಉತ್ತೀರ್ಣನಾದರೂ ಅನುತ್ತೀರ್ಣನಾದರೂ ಅಲ್ಲಿ ಮೊದಲು ತಿದ್ದಬೇಕಾದ ಉತ್ತರಪತ್ರಿಕೆ ಗುರುವಿನದು.

ನಾಯಿಗೆ ಆಟ ಕಲಿಸುವುದು ಬಿಡುವಿನ ವೇಳೆಯ ವಿನೋದವೆಂದು ತೋರಬಹುದು. ವಿನೋದವೇನೋ ಅಹುದು. ಆದರೆ ಕಲಿಕೆಯೆಂದರೇನು ಎಂಬ ಮೂಲಪ್ರಶ್ನೆಗೆ ಮನೋವಿಜ್ಞಾನ ಪಡೆದಿರುವ ಉತ್ತರಗಳಲ್ಲಿ ಅನೇಕವು ನಾಯಿ, ಬೆಕ್ಕು, ಪಾರಿವಾಳಗಳ ಸಹವಾಸದಿಂದಲೇ ಬಂದವು. ಪ್ರಯೋಗಶಾಲೆಯಿಲ್ಲದೆ, ಹೆಚ್ಚಿನ ಖರ್ಚಿಲ್ಲದೆ, ಮನೆಯ ಅಂಗಳದಲ್ಲಿಯೇ ಆ ಉತ್ತರಗಳನ್ನು ಪರೀಕ್ಷಿಸಿ ನೋಡುವ ಅವಕಾಶ ನಾಯಿಯನ್ನು ಸಾಕಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಉಂಟು.

ಜೊಲ್ಲಿನಿಂದ ದೊರೆತ ಸೂತ್ರ

ರಷ್ಯದ ಇವಾನ್ ಪಾವ್ಲೋವ್ ಶರೀರಕ್ರಿಯಾ ವಿಜ್ಞಾನಿ. ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ ಆತನಿಗೆ ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆತನ ಪ್ರಯೋಗಶಾಲೆಯಲ್ಲಿದ್ದ ನಾಯಿಗಳು ಆಹಾರ ಬಾಯಿಗೆ ಬೀಳುವುದಕ್ಕೆ ಮೊದಲೇ, ಅದನ್ನು ತರುವವನನ್ನು ಕಂಡೊಡನೆಯೇ, ಜೊಲ್ಲು ಸುರಿಸುತ್ತಿದ್ದವು. ಇದನ್ನು ಉಪದ್ರವವೆಂದು ತಳ್ಳಿಹಾಕದೆ ಪಾವ್ಲೋವ್ ಅದರ ಬೆನ್ನು ಹತ್ತಿದ. ಒಂದು ಸದ್ದನ್ನು ಕೇಳಿಸಿ ಕೂಡಲೆ ಆಹಾರ ಕೊಡುವುದನ್ನು ಹಲವು ಬಾರಿ ಆವರ್ತಿಸಿದರೆ, ಕೊನೆಗೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ. ತನಗೆ ಸಂಬಂಧವೇ ಇಲ್ಲದ ಸದ್ದು ಈಗ ಆಹಾರದ ಮುನ್ಸೂಚನೆಯಾಗಿದೆ. ಇದಕ್ಕೆ ಅನುಬಂಧಿತ ಪ್ರತಿಕ್ರಿಯೆ ಎಂದು ಹೆಸರು.

ಅದೇ ಕಾಲದಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಇನ್ನೊಂದು ದಿಕ್ಕಿನಿಂದ ಕಲಿಕೆಯನ್ನು ಸಮೀಪಿಸಿದ. ಹಸಿದ ಬೆಕ್ಕುಗಳನ್ನೂ ನಾಯಿಗಳನ್ನೂ ಅಗುಳಿಯಿದ್ದ ಪೆಟ್ಟಿಗೆಗಳೊಳಗೆ ಕೂಡಿ, ಹೊರಗೆ ಆಹಾರವಿಟ್ಟು, ಅವು ಬಾಗಿಲು ತೆರೆಯಲು ತೆಗೆದುಕೊಳ್ಳುವ ಕಾಲವನ್ನು ಅಳೆದ. ಮೊದಮೊದಲು ಪ್ರಾಣಿ ಗೀರುತ್ತದೆ, ಕಚ್ಚುತ್ತದೆ, ನೂಕುತ್ತದೆ. ಆಕಸ್ಮಿಕವಾಗಿ ಅಗುಳಿ ಜಾರಿ ಬಾಗಿಲು ತೆರೆಯುತ್ತದೆ. ಮತ್ತೆ ಮತ್ತೆ ಒಳಗಿಟ್ಟಂತೆಲ್ಲ ವ್ಯರ್ಥ ಚೇಷ್ಟೆಗಳು ಕಡಿಮೆಯಾಗಿ, ಫಲ ಕೊಟ್ಟ ಚೇಷ್ಟೆ ಮಾತ್ರ ಉಳಿಯುತ್ತದೆ. ೧೮೯೮ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ ಮುಂದೆ ಪರಿಣಾಮ ನಿಯಮವೆಂಬುದು ರೂಪುಗೊಂಡಿತು: ಸುಖಕರ ಪರಿಣಾಮವನ್ನು ತಂದ ವರ್ತನೆ ಮರುಕಳಿಸುತ್ತದೆ, ತಾರದ ವರ್ತನೆ ಸೊರಗುತ್ತದೆ.

ಈ ಎರಡು ಸೂತ್ರಗಳನ್ನು ಹೆಣೆದರೆ ನಾಯಿಯ ಪಾಠಶಾಲೆಯ ಪಠ್ಯಕ್ರಮವೆಲ್ಲ ಸಿದ್ಧವಾದಂತೆಯೇ. ಆದರೆ ನಡುವೆ ಒಂದು ತೊಡಕು ಉಂಟು. ಪರಿಣಾಮವು ವರ್ತನೆಯ ಬೆನ್ನಿಗೇ ಬರಬೇಕು. ನಾಯಿ ಹತ್ತು ಮಾರು ದೂರದಲ್ಲಿ ಸರಿಯಾಗಿ ಕುಳಿತಿತೆನ್ನಿ. ನೀವು ಬಿಸ್ಕತ್ತನ್ನು ಹುಡುಕಿ, ನಡೆದು ಹೋಗಿ ಕೊಡುವಷ್ಟರಲ್ಲಿ ಅದು ಎದ್ದು ಬಾಲವಲ್ಲಾಡಿಸುತ್ತಿರುತ್ತದೆ. ಬಹುಮಾನ ಯಾವುದಕ್ಕೆ ಬಂದಿತು? ಕುಳಿತದ್ದಕ್ಕಲ್ಲ, ಎದ್ದದ್ದಕ್ಕೆ! ನಾಯಿ ತಪ್ಪಾಗಿ ಕಲಿಯಲಿಲ್ಲ. ನೀವು ಕಲಿಸಿದ್ದನ್ನೇ ಕಲಿಯಿತು.

ಆಗ್ನೆಸ್ ನೆಗೆದ ಬಗೆ

ಈ ತೊಡಕಿಗೆ ಸುಲಭ ಪರಿಹಾರವನ್ನು ಸಾಮಾನ್ಯ ಓದುಗರ ಮುಂದಿಟ್ಟವನು ಹಾರ್ವರ್ಡ್ ವಿಶ್ವವಿದ್ಯಾಲಯದ ಬಿ. ಎಫ್. ಸ್ಕಿನ್ನರ್. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ೧೯೫೧ರಲ್ಲಿ ಆತ ಬರೆದ ಲೇಖನದ ಸಾರಾಂಶವಿಷ್ಟು: ಒತ್ತಿದರೆ ಟಿಕ್ ಎನ್ನುವ ಒಂದು ಆಟಿಕೆಯನ್ನು ತೆಗೆದುಕೊಳ್ಳಿ. ಸದ್ದು ಮಾಡಿ, ಕೂಡಲೆ ಒಂದು ತುಣುಕು ತಿನಿಸು ಕೊಡಿ. ಹಲವು ಬಾರಿ ಹೀಗೆ ಮಾಡಿದರೆ, ಪಾವ್ಲೋವನ ಸೂತ್ರದಂತೆ, ಆ ಸದ್ದಿಗೇ ಬೆಲೆ ಬರುತ್ತದೆ. ಆಮೇಲೆ, ಥಾರ್ನ್‌ಡೈಕನ ಸೂತ್ರದಂತೆ, ನಮಗೆ ಬೇಕಾದ ವರ್ತನೆ ನಡೆದ ಕ್ಷಣದಲ್ಲಿಯೇ ಸದ್ದು ಮಾಡಬಹುದು. ತಿನಿಸು ಎರಡು ಕ್ಷಣ ತಡವಾದರೂ ಬಾಧಕವಿಲ್ಲ. ಸದ್ದು ಸೇತುವೆಯಾಗಿ ನಿಲ್ಲುತ್ತದೆ. ಹೀಗೆ ವರ್ತನೆಯೊಂದನ್ನು ಬಲಪಡಿಸುವುದಕ್ಕೆ ಪುನರ್ಬಲನ ಎನ್ನುತ್ತಾರೆ.

ಮರುವರ್ಷ, ೧೯೫೨ರಲ್ಲಿ, ‘ಲುಕ್’ ಎಂಬ ಸಚಿತ್ರ ಪತ್ರಿಕೆಯ ಛಾಯಾಗ್ರಾಹಕನ ಮುಂದೆ ಸ್ಕಿನ್ನರ್ ಈ ಮಾತನ್ನು ಮಾಡಿ ತೋರಿಸಿದ. ಆಗ್ನೆಸ್ ಎಂಬುದು ಡಾಲ್ಮೇಷನ್ ಜಾತಿಯ ಹೆಣ್ಣು ನಾಯಿ. ಗೋಡೆಯ ಮೇಲೆ ಒಂದರ ಮೇಲೊಂದು ಅಡ್ಡಗೆರೆಗಳನ್ನೆಳೆದಿದ್ದರು. ಇಲ್ಲಿ ಟಿಕ್ ಎಂಬ ಸದ್ದಿನ ಬದಲು ಕ್ಯಾಮರಾದ ಮಿಂಚುದೀಪವೇ ಸಂಕೇತ. ನಾಯಿ ತಲೆಯನ್ನು ಕೆಳಗಿನ ಗೆರೆಯ ಮಟ್ಟಕ್ಕೆ ಎತ್ತಿದಾಗ ದೀಪ ಮಿಂಚಿತು, ತಿನಿಸು ಬಂದಿತು. ಅದು ರೂಢಿಯಾದೊಡನೆ ಮುಂದಿನ ಗೆರೆ ಮುಟ್ಟಿದರೆ ಮಾತ್ರ ಮಿಂಚು. ಅನಂತರ ಅದರ ಮೇಲಿನದು. ಇಪ್ಪತ್ತು ನಿಮಿಷಗಳೊಳಗೆ ಆಗ್ನೆಸ್ ಗೋಡೆಯುದ್ದಕ್ಕೆ ನೆಗೆಯತೊಡಗಿತು. ಯಾರೂ ಅದನ್ನು ಹಿಡಿದೆತ್ತಲಿಲ್ಲ. “ನೆಗೆ” ಎಂದು ಅಪ್ಪಣೆ ಮಾಡಲಿಲ್ಲ. ಗುರಿಯನ್ನು ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಕೂಲಿ ಕೊಟ್ಟರು, ಅಷ್ಟೆ. ಇದೇ ವರ್ತನೆಯ ರೂಪಣ. ಸರ್ಕಸ್ಸಿನ ವಿಸ್ಮಯಗಳೆಂದು ನಾವು ಕಾಣುವ ಎಷ್ಟೋ ಕೌಶಲಗಳ ಗುಟ್ಟು, ಕಣ್ಣಿಗೆ ಬೀಳದ ಈ ಚಿಕ್ಕ ಚಿಕ್ಕ ಮೆಟ್ಟಿಲುಗಳಲ್ಲಿದೆ.

ಮೂರು ಪಾಠಗಳು

ಈಗ ಅಂಗಳಕ್ಕೆ ಇಳಿಯೋಣ. ಬೇಕಾದ ಸಾಮಗ್ರಿ ಅಲ್ಪ. ಟಿಕ್ ಎನ್ನುವ ಆಟಿಕೆ ಇಲ್ಲದಿದ್ದರೆ ಗುಂಡಿಯೊತ್ತುವ ಬಾಲ್‌ಪೆನ್ನು ಸಾಕು. ಬೇಯಿಸಿದ ಕೋಳಿಮಾಂಸ, ಮೊಟ್ಟೆ ಅಥವಾ ಕ್ಯಾರೆಟ್ಟನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟುಗಳು ನಾಯಿಗೆ ವಿಷಪ್ರಾಯ. ಅವನ್ನು ಎಂದಿಗೂ ಕೊಡಬಾರದು. ಮೊದಲ ದಿನ ಹತ್ತು ಹನ್ನೆರಡು ಬಾರಿ ಸದ್ದು, ತಿನಿಸು, ಇಷ್ಟೇ ಪಾಠ. ಸದ್ದು ಕೇಳಿದೊಡನೆ ನಾಯಿ ತಿನಿಸಿಗಾಗಿ ನಿಮ್ಮತ್ತ ತಿರುಗಿದರೆ ಅಡಿಪಾಯ ಬಿದ್ದಿತೆಂದು ತಿಳಿಯಿರಿ.

ಮೊದಲನೆಯ ಆಟ ಅಂಗೈ ಮುಟ್ಟುವುದು. ತೆರೆದ ಅಂಗೈಯನ್ನು ನಾಯಿಯ ಮೂಗಿನಿಂದ ಗೇಣುದೂರದಲ್ಲಿ ಹಿಡಿಯಿರಿ. ಅದು ಕುತೂಹಲದಿಂದ ಮೂಸಲು ಬರುತ್ತದೆ. ಮೂಗು ತಗುಲಿದ ಕ್ಷಣದಲ್ಲಿ ಟಿಕ್, ಅನಂತರ ತಿನಿಸು. ಕೈಯನ್ನು ಕ್ರಮಕ್ರಮವಾಗಿ ದೂರಕ್ಕೆ, ಎಡಕ್ಕೆ, ಬಲಕ್ಕೆ, ಮೇಲಕ್ಕೆ ಒಯ್ಯಿರಿ. ಕೈಯನ್ನು ವೃತ್ತಾಕಾರವಾಗಿ ಚಲಿಸಿದರೆ ನಾಯಿ ತನ್ನನ್ನೇ ಸುತ್ತುತ್ತದೆ. ಅದೇ ‘ಗಿರಗಟ್ಟೆ’ ಆಟ. ಅಂಗೈಯಲ್ಲಿ ಒಂದು ರಟ್ಟಿನ ಚೂರನ್ನು ಹಿಡಿದು ಅದನ್ನು ಮುಟ್ಟಲು ಕಲಿಸಿ, ಬಳಿಕ ಆ ಚೂರನ್ನು ಬಾಗಿಲಿಗೆ ಅಂಟಿಸಿದರೆ, ಮೂಗಿನಿಂದ ನೂಕಿ ಬಾಗಿಲು ಮುಚ್ಚುವ ನಾಯಿ ಸಿದ್ಧವಾಗುತ್ತದೆ. ಆಜ್ಞಾಪದವನ್ನು ಮೊದಲೇ ಹೇಳತಕ್ಕದ್ದಲ್ಲ. ವರ್ತನೆ ನೆಲೆಗೊಂಡ ಮೇಲೆ, ಅದು ನಡೆಯುವುದಕ್ಕೆ ತುಸು ಮೊದಲು “ಮುಟ್ಟು” ಎನ್ನಬೇಕು. ಏನನ್ನು ಮಾಡಬೇಕೆಂದು ತಿಳಿಯದ ಪ್ರಾಣಿಗೆ ಪದವನ್ನು ಹತ್ತು ಬಾರಿ ಕೂಗಿದರೆ, ಆ ಪದ ಅರ್ಥವಿಲ್ಲದ ಗದ್ದಲವೆಂಬುದನ್ನಷ್ಟೇ ಅದು ಕಲಿಯುತ್ತದೆ.

ಎರಡನೆಯದು ಹುಡುಕಾಟ. ನಾಯಿಯ ನಿಜವಾದ ಪಾಂಡಿತ್ಯವಿರುವುದು ಮೂಗಿನಲ್ಲಿ. ಮೂರು ಲೋಟಗಳನ್ನು ಬೋರಲು ಹಾಕಿ, ನಾಯಿಯ ಕಣ್ಣೆದುರಿಗೆ ಒಂದರಡಿಯಲ್ಲಿ ತಿನಿಸಿಡಿ. ಸರಿಯಾದ ಲೋಟವನ್ನು ಮೂಸಿದೊಡನೆ ಸದ್ದು ಮಾಡಿ ಲೋಟವನ್ನೆತ್ತಿ. ಮುಂದೆ ಅದರ ಕಣ್ಣಿಗೆ ಮರೆಯಾಗಿ ಇಡಿ. ಆಮೇಲೆ ಕೋಣೆಯ ಮೂಲೆಗಳಲ್ಲಿ, ತೋಟದ ಕುಂಡಗಳ ಹಿಂದೆ ಅಡಗಿಸಿ. ಮಳೆಗಾಲದಲ್ಲಿ ಹೊರಗೆ ಓಡಾಡಲಾಗದ ನಾಯಿಗೆ ಇದು ಸೊಗಸಾದ ವ್ಯಾಯಾಮ. ಮುಪ್ಪಿನ ನಾಯಿಯೂ ಇದನ್ನು ಆನಂದದಿಂದ ಆಡಬಲ್ಲುದು.

ಮೂರನೆಯದು ಚೆಂಡು ತರುವ ಆಟ. ಬಹಳ ನಾಯಿಗಳು ಚೆಂಡನ್ನು ಹಿಡಿದು ಓಡಿಬಿಡುತ್ತವೆ. ಯಜಮಾನ ಅಟ್ಟಿಸಿಕೊಂಡು ಹೋಗುತ್ತಾನೆ. ನಾಯಿಯ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಬೇರೊಂದಿಲ್ಲ! ಅಟ್ಟಬೇಡಿ. ಇನ್ನೊಂದು ಚೆಂಡನ್ನು ತೋರಿಸಿ ವಿರುದ್ಧ ದಿಕ್ಕಿಗೆ ನಡೆಯಿರಿ. ಅದು ಹಿಂದಿರುಗಿ ಬಂದು ಮೊದಲನೆಯದನ್ನು ಬಾಯಿಂದ ಬಿಟ್ಟಾಗ ಎರಡನೆಯದನ್ನು ಎಸೆಯಿರಿ. ಹುಲ್ಲಿನ ಮೇಲೆ ಆಡುವುದಾದರೆ ಕೆಂಪು ಚೆಂಡಿಗಿಂತ ನೀಲಿಯದು ಲೇಸು. ನಾಯಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆಯವು. ಕೆಂಪು ಹಸಿರುಗಳ ಭೇದ ಅದಕ್ಕೆ ಸ್ಪಷ್ಟವಾಗದು.

ಆಟ ಕೈಗೂಡಿದ ಮೇಲೆ ಪ್ರತಿ ಬಾರಿಯೂ ತಿನಿಸು ಬೇಕಿಲ್ಲ. ಎಂದೋ ಒಮ್ಮೆ, ಎಣಿಕೆಗೆ ಸಿಗದಂತೆ ಬರುವ ಬಹುಮಾನ ಅಭ್ಯಾಸವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ಊಟದ ಹೊತ್ತಿನಲ್ಲಿ ಎಲೆಯ ಮುಂದೆ ಬಂದು ಪೀಡಿಸುವ ನಾಯಿಯ ರಹಸ್ಯವೂ ಇದೇ. ಮನೆಮಂದಿಯೆಲ್ಲ “ಹೋಗಾಚೆ” ಎಂದು ಗದರಿಸುತ್ತಾರೆ. ಅಜ್ಜಿ ಮಾತ್ರ ವಾರಕ್ಕೊಮ್ಮೆ ಕರುಣೆಯಿಂದ ಒಂದು ತುತ್ತು ಹಾಕುತ್ತಾರೆ. ಆ ಒಂದು ತುತ್ತು ಉಳಿದ ಗದರಿಕೆಗಳನ್ನೆಲ್ಲ ಸೋಲಿಸಿಬಿಡುತ್ತದೆ.

ಮಾತೋ ಸನ್ನೆಯೋ?

ಮನೆಯಲ್ಲಿ ಎಲ್ಲರೂ ಕನ್ನಡವಾಡಿದರೂ ನಾಯಿಯೊಡನೆ ಮಾತ್ರ ಇಂಗ್ಲಿಷಿನಲ್ಲಿ ವ್ಯವಹರಿಸುವ ವಾಡಿಕೆ ನಮ್ಮಲ್ಲಿ ಎಷ್ಟೋ ಕಡೆ ಇದೆ. ನಾಯಿಗೆ ಯಾವ ಭಾಷೆಯ ಮೇಲೂ ಪಕ್ಷಪಾತವಿಲ್ಲ. ಅದಕ್ಕೆ ಬೇಕಾದದ್ದು ಏಕರೂಪತೆ. ತಂದೆ “ಕುಳಿತುಕೋ” ಎಂದು, ಮಗ “ಸಿಟ್” ಎಂದು, ಅಜ್ಜಿ “ಕೂರೋ” ಎಂದು ಹೇಳಿದರೆ ಅದರ ಪಾಲಿಗೆ ಅವು ಮೂರು ಬೇರೆ ಬೇರೆ ಸದ್ದುಗಳು.

ಇಷ್ಟಕ್ಕೂ ನಾಯಿ ಅನುಸರಿಸುತ್ತಿರುವುದು ಮಾತನ್ನೋ, ಮಾತಿನೊಡನೆ ನಮಗರಿವಿಲ್ಲದೆ ಅಲುಗುವ ಕೈಯನ್ನೋ? ಈ ಪ್ರಶ್ನೆಗೆ ಒಂದು ಪ್ರಸಿದ್ಧ ಹಿನ್ನೆಲೆ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕದ ಪ್ರಶ್ನೆಗಳಿಗೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. ೧೯೦೪ರಲ್ಲಿ ಆಸ್ಕರ್ ಪ್ಫುಂಗ್ಸ್ಟ್ ಎಂಬಾತ ಅದನ್ನು ಕೂಲಂಕಷವಾಗಿ ಪರೀಕ್ಷಿಸಿದ. ಪ್ರಶ್ನೆ ಕೇಳುವವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ! ಸರಿಯಾದ ಎಣಿಕೆ ಬಂದೊಡನೆ ಪ್ರಶ್ನಕಾರನ ತಲೆ ಕಂಡೂಕಾಣದಷ್ಟು ಅಲುಗುತ್ತಿತ್ತು. ಕುದುರೆ ಓದುತ್ತಿದ್ದುದು ಅದನ್ನು. ಯಜಮಾನ ಮೋಸಗಾರನಾಗಿರಲಿಲ್ಲ, ತಾನು ಸನ್ನೆ ಮಾಡುತ್ತಿರುವೆನೆಂಬುದು ಅವನಿಗೇ ತಿಳಿದಿರಲಿಲ್ಲ.

ನಮ್ಮ ಸನ್ನೆಯನ್ನು ಓದುವುದರಲ್ಲಿ ನಾಯಿ ಇನ್ನೂ ನಿಪುಣ. ಬ್ರಯನ್ ಹೇರ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಡಗಿಸಿದ ಆಹಾರವನ್ನು ಮನುಷ್ಯನ ಸನ್ನೆಯಿಂದ ಪತ್ತೆಹಚ್ಚುವುದರಲ್ಲಿ ನಾಯಿಗಳು ಚಿಂಪಾಂಜಿಗಳನ್ನೂ ಮನುಷ್ಯರೇ ಬೆಳೆಸಿದ ತೋಳಗಳನ್ನೂ ಮೀರಿಸಿದವು. ಸಾವಿರಾರು ವರ್ಷಗಳ ಸಹಜೀವನ ಅವುಗಳ ಸ್ವಭಾವವನ್ನೇ ನಮ್ಮತ್ತ ತಿರುಗಿಸಿದೆ.

ಹಾಗೆಂದು ಮಾತು ಅವಕ್ಕೆ ತಿಳಿಯದೆಂದೂ ಅಲ್ಲ. ಅಮೆರಿಕದ ನಿವೃತ್ತ ಮನೋವಿಜ್ಞಾನಿ ಜಾನ್ ಪಿಲ್ಲಿ ತನ್ನ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ ಮೂರು ವರ್ಷಗಳಲ್ಲಿ ೧,೦೨೨ ಆಟಿಕೆಗಳ ಹೆಸರುಗಳನ್ನು ಕಲಿಸಿದ. ಈ ವರದಿ ೨೦೧೧ರಲ್ಲಿ ಪ್ರಕಟವಾಯಿತು. ಇದು ಎಲ್ಲ ನಾಯಿಗಳಿಗೂ ಸಾಧ್ಯವಾಗುವ ಮಾತಲ್ಲ. ನಿಮ್ಮ ನಾಯಿಗೆ ಮಾತು ತಿಳಿದಿದೆಯೇ ಎಂಬುದನ್ನು ನೀವೇ ಪರೀಕ್ಷಿಸಬಹುದು: ಕೈಗಳನ್ನು ಹಿಂದಕ್ಕೆ ಕಟ್ಟಿ, ಗೋಡೆಯ ಕಡೆ ಮುಖ ಮಾಡಿ, “ಕುಳಿತುಕೋ” ಎನ್ನಿರಿ, ಇನ್ನೊಬ್ಬರು ನಿಂತು ನೋಡಲಿ. ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಿ. ಅದು ಸಣ್ಣದಾದರೂ ನಿಜವಾದ ಪ್ರಯೋಗ.

ಬೆತ್ತದ ಲೆಕ್ಕ

ಬಹುಮಾನದಿಂದ ಕಲಿಯುವ ಪ್ರಾಣಿ ದಂಡನೆಯಿಂದಲೂ ಕಲಿಯದೆ? ಕಲಿಯುತ್ತದೆ, ಆದರೆ ಏನನ್ನು ಕಲಿಯುತ್ತದೆ ಎಂಬುದು ವಿಚಾರ. ಕರೆದಾಗ ತಡವಾಗಿ ಬಂದ ನಾಯಿಗೆ ಏಟು ಕೊಟ್ಟರೆ, ಏಟಿನ ಹಿಂದಿನ ವರ್ತನೆ ತಡಮಾಡಿದ್ದಲ್ಲ, ಬಂದದ್ದು. ನಾಳೆ ಅದು ಇನ್ನೂ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ.

ಪೋರ್ಚುಗಲ್ಲಿನ ಸಂಶೋಧಕರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣಾರ್ಹ. ಬೇರೆ ಬೇರೆ ತರಬೇತಿ ಶಾಲೆಗಳ ೯೨ ನಾಯಿಗಳನ್ನು ಅವರು ಪರೀಕ್ಷಿಸಿದರು. ದಂಡನೆಯನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಕಳವಳದ ಲಕ್ಷಣಗಳು ಹೆಚ್ಚು ಕಂಡವು. ಪಾಠದ ಅನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚು ಏರಿತ್ತು. ಇನ್ನೊಂದು ಪರೀಕ್ಷೆ ಮತ್ತೂ ಸೂಕ್ಷ್ಮವಾದದ್ದು. ಕೋಣೆಯ ಒಂದು ಪಕ್ಕದಲ್ಲಿಟ್ಟ ಬಟ್ಟಲಲ್ಲಿ ಸದಾ ತಿನಿಸು, ಇನ್ನೊಂದು ಪಕ್ಕದ ಬಟ್ಟಲು ಸದಾ ಬರಿದು ಎಂದು ನಾಯಿಗಳಿಗೆ ಕಲಿಸಿ, ಬಳಿಕ ಬಟ್ಟಲನ್ನು ನಡುವೆ ಇಟ್ಟರು. ಅದರಲ್ಲಿ ತಿನಿಸು ಇರಬಹುದು, ಇಲ್ಲದಿರಬಹುದು. ಬಹುಮಾನದಿಂದ ಕಲಿತ ನಾಯಿಗಳು ಬೇಗನೆ ಓಡಿಬಂದವು. ದಂಡನೆಗೆ ಹೆಚ್ಚಾಗಿ ಒಳಗಾದವು ನಿಧಾನವಾಗಿ ಬಂದವು. ಬೆತ್ತವು ಒಂದು ವರ್ತನೆಯನ್ನು ಅಡಗಿಸುವುದಷ್ಟೇ ಅಲ್ಲ, ಒಳ್ಳೆಯದೇನಾದರೂ ನಡೆದೀತೆಂಬ ನಿರೀಕ್ಷೆಯನ್ನೂ ಕುಗ್ಗಿಸುತ್ತದೆ ಎಂದು ಇದರಿಂದ ಊಹಿಸಬೇಕಾಗುತ್ತದೆ.

ಅತಿಯಾದ ಪಾಠವೂ ಹಿತವಲ್ಲ. ಡೆನ್ಮಾರ್ಕಿನಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಕಲಿತ ನಾಯಿಗಳು ವಾರಕ್ಕೆ ಐದು ದಿನ ಕಲಿತವುಗಳಿಗಿಂತ ಕಡಿಮೆ ಪಾಠಗಳಲ್ಲಿ ಅದೇ ಕೌಶಲವನ್ನು ಸಾಧಿಸಿದವು. ದಿನಗಳು ಮಾತ್ರ ಹೆಚ್ಚು ಹಿಡಿದವು. ಪಾಠದ ನಡುವಣ ವಿರಾಮವೂ ಪಾಠದ ಅಂಗವೇ. ಹಂಗೆರಿಯ ವಿಜ್ಞಾನಿಗಳು ೨೦೧೭ರಲ್ಲಿ, ತಾವು ಬಲ್ಲ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಹೊಸದಾಗಿ ಕಲಿತ ನಾಯಿಗಳು ನಿದ್ರಿಸುವಾಗ ಮಿದುಳಿನ ವಿದ್ಯುತ್ ತರಂಗಗಳಲ್ಲಿ ಕಲಿಕೆಗೆ ಸಂಬಂಧಿಸಿದ ಬದಲಾವಣೆಗಳನ್ನು ಗುರುತಿಸಿದರು. ಐದು ನಿಮಿಷದ ಪಾಠ, ಅನಂತರ ಆಟ, ಬಳಿಕ ನಿದ್ರೆ: ಇದು ನಾಯಿಗೆ ಒಪ್ಪುವ ವೇಳಾಪಟ್ಟಿ. ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡುವ ವಿದ್ಯಾರ್ಥಿಗಳೂ ಇದನ್ನು ಆಲೋಚಿಸಬಹುದು.

ಸ್ವಭಾವದ ಮೇರೆ

ಯಾವ ಪ್ರಾಣಿಗೆ ಏನನ್ನಾದರೂ ಕಲಿಸಿಬಿಡಬಹುದೇ? ಸ್ಕಿನ್ನರನ ಶಿಷ್ಯ ಕೆಲ್ಲರ್ ಬ್ರೆಲಂಡ್ ಮತ್ತು ಆತನ ಪತ್ನಿ ಮೇರಿಯನ್ ಪ್ರಾಣಿಗಳ ತರಬೇತಿಯನ್ನೇ ವೃತ್ತಿಯಾಗಿ ಕೈಗೊಂಡವರು. ಹುಂಡಿಯೊಳಗೆ ನಾಣ್ಯ ಹಾಕಲು ಅವರು ರಕೂನ್ ಎಂಬ ಪ್ರಾಣಿಗೆ ಕಲಿಸಿದರು. ಸ್ವಲ್ಪ ಕಾಲದಲ್ಲಿ ಅದು ನಾಣ್ಯಗಳನ್ನು ಹುಂಡಿಗೆ ಹಾಕದೆ, ತನ್ನ ಜಾತಿಯವು ಆಹಾರವನ್ನು ಉಜ್ಜುವಂತೆ, ಉಜ್ಜುತ್ತ ಕುಳಿತುಬಿಟ್ಟಿತು. ಹಂದಿಯು ನಾಣ್ಯವನ್ನು ಒಯ್ಯುವ ದಾರಿಯಲ್ಲಿ ಬೀಳಿಸಿ ಮೂತಿಯಿಂದ ಕೆದಕತೊಡಗಿತು. ಹುಟ್ಟುಗುಣ ಕಲಿಕೆಯನ್ನು ಮೆಲ್ಲನೆ ತನ್ನತ್ತ ಎಳೆದುಕೊಳ್ಳುತ್ತದೆಂದು ದಂಪತಿಗಳು ೧೯೬೧ರಲ್ಲಿ ಬರೆದರು.

ನಾಯಿಗಳಿಗೂ ಈ ಮಾತು ಸಲ್ಲುತ್ತದೆ. ಬೇಟೆಗೆಂದು ಬೆಳೆದು ಬಂದ ನಮ್ಮ ಮುಧೋಳ ನಾಯಿ ದೂರದಲ್ಲಿ ಓಡುವುದನ್ನು ಕಂಡು ಚಿಮ್ಮುತ್ತದೆ. ಕುರಿ ಕಾಯುವ ಜಾತಿಯದು ಗುಂಪುಗೂಡಿಸಲು ನೋಡುತ್ತದೆ. ಒಂದಕ್ಕೆ ಓಟದ ಆಟ, ಇನ್ನೊಂದಕ್ಕೆ ಹುಡುಕುವ ಆಟ ಮೆಚ್ಚುಗೆಯಾದೀತು. ನಮ್ಮ ಬೀದಿಗಳ ನಾಡನಾಯಿಯೂ ಕಲಿಯುವುದರಲ್ಲಿ ಯಾರಿಗೂ ಬಿಟ್ಟುಕೊಡುವುದಲ್ಲ. ಆದರೆ ಮೂಳೆ ಬಲಿಯದ ಮರಿಯನ್ನು ಎತ್ತರಕ್ಕೆ ನೆಗೆಸುವುದು, ಹಿಂಗಾಲುಗಳ ಮೇಲೆ ಹೊತ್ತುಗಟ್ಟಲೆ ನಡೆಸುವುದು, ಬಿಸಿಲಿಗೆ ಕಾದ ರಸ್ತೆಯಲ್ಲಿ ಆಡಿಸುವುದು ಆಟವಲ್ಲ, ಹಿಂಸೆ. ಕಿವಿ ಹಿಂದಕ್ಕೊರಗಿಸಿ, ಬಾಲ ಮುದುರಿ, ಮುಖ ತಿರುಗಿಸಿದ ನಾಯಿ “ಇಂದಿಗೆ ಸಾಕು” ಎನ್ನುತ್ತಿದೆ. ಆಗ ಬಿಡತಕ್ಕದ್ದು. ಒತ್ತಾಯಿಸಿದರೆ ಕಚ್ಚೀತು; ಸಾಕಿದ ನಾಯಿಗೆ ರೇಬಿಸ್ ಲಸಿಕೆ ಹಾಕಿಸುವುದು ಎಲ್ಲ ಪಾಠಗಳಿಗಿಂತ ಮೊದಲಿನ ಕರ್ತವ್ಯ.

ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆಸಿದ ನಾಡು ನಮ್ಮದು. ಕ್ರಿ.ಶ. ೯೪೯ರ ಸುಮಾರಿನ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿಯ ಕಥೆಯಿದೆ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣ ಯುದ್ಧದಲ್ಲಿ ಮೆರೆದ ಮಣಲೇರನಿಗೆ “ಬೇಕಾದುದನ್ನು ಕೇಳು” ಎಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಕಾಳಿಗಾಗಿ ಅವನು ಕಲ್ಲು ನೆಡಿಸಿದ.

ಇಂದು ನಮ್ಮ ನಾಯಿಗಳು ಹಂದಿಯೊಡನೆ ಕಾದಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಅವು ದಿನವೆಲ್ಲ ಸರಪಳಿಯ ಉದ್ದದೊಳಗೆ ಮಲಗಿ, ಸಂಜೆ ಶಾಲೆಯಿಂದ ಬರುವ ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತವೆ. ಅಂಥ ಪ್ರಾಣಿಗೆ ದಿನಕ್ಕೆ ಐದು ನಿಮಿಷದ ಆಟ, ತಾನು ಮಾಡಿದ್ದಕ್ಕೆ ಲೋಕದಲ್ಲಿ ಫಲ ಉಂಟೆಂಬ ಅನುಭವವನ್ನು ಕೊಡುತ್ತದೆ. ಕಲಿಸುವವನಿಗಾದರೋ ಇನ್ನೊಂದು ಲಾಭ: ಶಿಷ್ಯನನ್ನು ದೂರದೆ, ಗುರಿಯನ್ನು ಇನ್ನೂ ಚಿಕ್ಕ ಮೆಟ್ಟಿಲುಗಳಾಗಿ ಒಡೆಯುವ ತಾಳ್ಮೆ. ಈ ಲೇಖನವನ್ನು ಓದುವ ತರುಣರಲ್ಲಿ ಕೆಲವರು ಮುಂದೆ ಉಪಾಧ್ಯಾಯರಾಗುವರು, ಬಹುಮಂದಿ ತಂದೆತಾಯಿಗಳಾಗುವರು. ಆ ತಾಳ್ಮೆಯನ್ನು ಅಭ್ಯಾಸ ಮಾಡುವುದಕ್ಕೆ ಅಂಗಳದಲ್ಲಿ ಬಾಲವಲ್ಲಾಡಿಸುತ್ತ ನಿಂತಿರುವ ಶಿಷ್ಯನಿಗಿಂತ ಉತ್ತಮ ಸಹಪಾಠಿ ದೊರೆಯುವುದು ಕಷ್ಟ.